ಅರ್ಧ ಬಾಣ

ಆ ಕೇಂದ್ರದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರನ್ನು ರೇಖೆಯಕ್ಕ ಇನ್ನೂ ಕಂಡಿಲ್ಲ. ಭೂಗೋಳ ಬೋಧನೆ ಮತ್ತು ಕಲಿಕಾ ಸಂಶೋಧನಾ ಕೇಂದ್ರ. ಬೋರ್ಡು ಬರೆದವನಿಗೇ ಜಾಗ ಸಾಲದೆ ಕೊನೆಯ ಎರಡಕ್ಷರ ಗೋಡೆಯ ಮೂಲೆಯಲ್ಲಿ ಮುದುಡಿಕೊಂಡು ಕೂತಿವೆ. ಹೆಸರು ಹನುಮಂತನ ಬಾಲದಷ್ಟಿದ್ದರೂ ಜಾಗ ಮಾತ್ರ ವಿಶ್ವವಿದ್ಯಾಲಯದ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಮೂರೇ ಕೋಣೆ. ಮೊದಲನೆಯದರಲ್ಲಿ ಮುಖ್ಯಸ್ಥೆ, ಎರಡನೆಯದರಲ್ಲಿ ಸಂಶೋಧನೆ ಮಾಡುವವರು, ಮೂರನೆಯದರಲ್ಲಿ ಹದಿನಾಲ್ಕು ಕಬ್ಬಿಣದ ಕಪಾಟುಗಳು ಮತ್ತು ಅವುಗಳ ಮಧ್ಯೆ ಒಂದು ಮೇಜು ಹಾಕಿಕೊಂಡು ರೇಖೆಯಕ್ಕ.

ರೇಖೆಯಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಕೆಲಸ ಮಾಡಿದವಳು ಅವಳು. ಕೆಳಗಿನಿಂದ ಬೆಳಕು ಬಿಡುವ ಗಾಜಿನ ಮೇಜು, ಅದರ ಮೇಲೆ ಮೂಲ ನಕ್ಷೆ, ಅದರ ಮೇಲೆ ತೆಳ್ಳನೆಯ ಕಾಗದ, ಕೈಯಲ್ಲಿ ಪೆನ್ನು. ಕೈ ನಡುಗಬಾರದು, ಸೀನು ಬಂದರೂ ಮೊದಲು ಗೆರೆ ಮುಗಿಸಬೇಕು. ಅಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯರು ಎರಡೇ ಎರಡು ಮಾತು ಹೇಳುತ್ತಿದ್ದರು. ಒಂದು, ಸೇರಬೇಕಾದಲ್ಲಿ ಸೇರದೆ ಗೆರೆ ಬಾಯಿ ಬಿಟ್ಟುಕೊಂಡು ಬಿದ್ದಿರಬಾರದು, ಕಂಡಲ್ಲಿ ಮುಚ್ಚಬೇಕು. ಎರಡನೆಯದು ಉತ್ತರ ದಿಕ್ಕು ತೋರಿಸುವ ಬಾಣದ್ದು. "ಬಾಣಕ್ಕೆ ಒಂದೇ ರೆಕ್ಕೆ ಸಾಕಮ್ಮ. ಇನ್ನೊಂದಕ್ಕೆ ಶಾಯಿ ದಂಡ." ಹಾಗಾಗಿ ಆ ಹಿರಿಯರ ಕೈಕೆಳಗೆ ಪಳಗಿದ ನಾಲ್ಕೈದು ಜನ ಮಾತ್ರ ಬಾಣದ ತುದಿಗೆ ಎಡಗಡೆ ಒಂದೇ ಗೀಟು ಎಳೆಯುತ್ತಿದ್ದರು. ನೋಡಿದವರಿಗೆ ಮುರಿದ ಬಾಣದ ಹಾಗೆ ಕಾಣುತ್ತಿತ್ತು. ಆಮೇಲೆ ಯಂತ್ರ ಬಂತು. ಗಾಜಿನ ಮೇಜು ಗುಜರಿಗೆ, ಹಳೇ ನಕಲುಗಳು ರದ್ದಿಗೆ, ನಕಲು ತೆಗೆಯುವವರು ದಿಕ್ಕಿಗೊಬ್ಬರು. ರೇಖೆಯಕ್ಕನ ಪಾಲಿಗೆ ಬಂದದ್ದು ಈ ಕೇಂದ್ರ.

ಕೇಂದ್ರದ ಕೆಲಸ ಹೇಳಬೇಕೆಂದರೆ ಇಷ್ಟೇ. ಶಾಲೆಗಳಲ್ಲಿ ಮಕ್ಕಳ ಕೈಯಲ್ಲಿ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಸುತ್ತಾರೆ. ಭೂಗೋಳದ ಪಾಠ ಶುರುವಾಗುವ ಮುಂಚೆ ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ. ಆ ಹಾಳೆಗಳು ಇಲ್ಲಿಗೆ ಬರುತ್ತವೆ. ಮಕ್ಕಳಿಗೆ ದಿಕ್ಕು, ದೂರ, ತಿರುವು ಎಷ್ಟು ತಲೆಗೆ ಹತ್ತಿತು, ಯಾವ ಥರ ಕಲಿಸಿದರೆ ಹತ್ತುತ್ತದೆ ಎಂದು ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ನೋಡುತ್ತಾರೆ.

ಇದನ್ನೆಲ್ಲ ರೇಖೆಯಕ್ಕನಿಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಸರ್ಕಾರಿ ಜಾಗಗಳಲ್ಲಿ ಕುರ್ಚಿ ತೋರಿಸುತ್ತಾರೆ, ಕೆಲಸ ತೋರಿಸುವುದಿಲ್ಲ. ಮೂರನೇ ದಿನ ಮುಖ್ಯಸ್ಥೆ ಎಲ್ಲಿಗೋ ಹೊರಟ ಅವಸರದಲ್ಲಿ ಒಂದು ಕಟ್ಟು ತಂದು ಮೇಜಿನ ಮೇಲೆ ಹಾಕಿದರು. "ಇದು ಆ ಕಾಲುವೆ ಪಕ್ಕದ ಶಾಲೆಯದ್ದು. ಪಾಠ ಆದ್ಮೇಲಿನ ಕಟ್ಟು. ಎಲ್ಲಾ ಅಸ್ತವ್ಯಸ್ತ ಆಗಿದೆ. ಸ್ವಲ್ಪ ಸರಿ ಮಾಡಿಡಿ."

ಸರಿ ಮಾಡಿಡಿ. ಅವರ ಬಾಯಲ್ಲಿ ಅದಕ್ಕೆ ಜೋಡಿಸಿಡಿ ಎಂದರ್ಥ. ಸರ್ವೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ತಪ್ಪು ತಿದ್ದಿ.

ರೇಖೆಯಕ್ಕ ಕಟ್ಟು ಬಿಚ್ಚಿದಳು. ಎಪ್ಪತ್ತೆರಡು ಹಾಳೆ. ಶಿವ ಶಿವಾ ಎನ್ನುವಂತಿತ್ತು. ಕಾಲುವೆ ಶಾಲೆಯ ಹಿಂದೆ ಇರಬೇಕಾದದ್ದು ಮುಂದೆ ಹರಿಯುತ್ತಿತ್ತು. ಅಡ್ಡರಸ್ತೆ ಮುಖ್ಯರಸ್ತೆಗೆ ಸೇರದೆ ನಡುವೆಯೇ ನಿಂತಿತ್ತು. ಒಬ್ಬ ಪುಣ್ಯಾತ್ಮ ತನ್ನ ಮನೆಯನ್ನು ನೀರಿನ ಟ್ಯಾಂಕಿನ ಮೇಲೆ ಕಟ್ಟಿದ್ದ. ಆ ಬಡಾವಣೆಯ ನಕ್ಷೆಯನ್ನು ಸರ್ವೆ ಕಚೇರಿಯಲ್ಲಿ ಅವಳೇ ನಾಲ್ಕು ಸಲ ನಕಲು ತೆಗೆದಿದ್ದಳು. ಕಣ್ಣು ಮುಚ್ಚಿದರೂ ಗಲ್ಲಿಗಲ್ಲಿ ಕಾಣುತ್ತಿತ್ತು. ಹೊಸ ಜಾಗ, ಹೊಸ ಮೇಡಂ, ಕೆಲಸ ಬರುತ್ತದೆ ಎಂದು ತೋರಿಸಿಕೊಳ್ಳುವ ಹುಮ್ಮಸ್ಸು ಬೇರೆ. ಪೆನ್ಸಿಲು ಕೆತ್ತಿಕೊಂಡು, ಮೆತ್ತನೆಯ ರಬ್ಬರು ತೆಗೆದುಕೊಂಡು ಕೂತಳು.

ಹತ್ತು ದಿನ ಹಿಡಿಯಿತು. ಮಕ್ಕಳ ಮನೆ, ನಾಯಿ, ಅಂಗಡಿ, ಕೈಕಾಲು ಕಡ್ಡಿಯಂತಿದ್ದ ಅಜ್ಜಿ, ಇವನ್ನೆಲ್ಲ ಮುಟ್ಟಲಿಲ್ಲ. ರಸ್ತೆ, ಕಾಲುವೆ, ತಿರುವುಗಳನ್ನು ಮಾತ್ರ ಅವುಗಳ ಜಾಗಕ್ಕೆ ತಂದಳು. ಮಗು ಎಷ್ಟು ಒತ್ತಿ ಬರೆದಿದೆಯೋ ಅಷ್ಟೇ ಒತ್ತಿ, ಎಲ್ಲಿ ಕೈ ನಡುಗಿದೆಯೋ ಅಲ್ಲಿ ತಾನೂ ನಡುಗಿಸಿ ಗೆರೆ ಎಳೆದಳು. ಮಕ್ಕಳ ಹಾಳೆ ಮಕ್ಕಳದ್ದೇ ಅನ್ನಿಸಬೇಕು ಎಂಬಷ್ಟು ವಿವೇಕ ಅವಳಿಗಿತ್ತು. ಆ ವಿವೇಕವೇ ಮುಳುವಾಯಿತು. ದಡ್ಡಿಯಾಗಿದ್ದು ಶಾಯಿಯಲ್ಲಿ ಗೀಚಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದಳು, ಬೈಸಿಕೊಂಡು ಆರಾಮಾಗಿರುತ್ತಿದ್ದಳು. ಕೊನೆಗೆ ಪ್ರತಿ ಹಾಳೆಯ ಮೂಲೆಯಲ್ಲೂ ಉತ್ತರದ ಬಾಣ ಹಾಕಿದಳು. ಒಂದೇ ರೆಕ್ಕೆಯದ್ದು.

ಅದಾದ ಮರುವಾರ ಕೇಂದ್ರದಲ್ಲಿ ಒಂದು ಸಭೆ. ಮುಖ್ಯಸ್ಥೆ ಬೇರೊಂದು ಶಾಲೆಯ ಹಾಳೆ ಎತ್ತಿ ಹಿಡಿದರು. ಅದರಲ್ಲಿ ಸೂರ್ಯ ಶಾಲೆಯ ಕೆಳಗಿದ್ದ. "ನೋಡಿ, ಈ ತಪ್ಪೇ ನಮಗೆ ಬಂಗಾರ. ಮಗು ಎಲ್ಲಿ ಎಡವಿದೆ ಅಂತ ಗೊತ್ತಾದ್ರೆ ತಾನೆ ಮೇಷ್ಟ್ರು ಎಲ್ಲಿ ಕೈ ಹಿಡೀಬೇಕು ಅಂತ ಗೊತ್ತಾಗೋದು? ಒಂದು ಚುಕ್ಕೆನೂ ಯಾರೂ ಮುಟ್ಟಬಾರದು."

ಬಾಗಿಲ ಹತ್ತಿರ ಕುರ್ಚಿ ಜೋಡಿಸುತ್ತಿದ್ದ ರೇಖೆಯಕ್ಕ ಎತ್ತಿದ ಕುರ್ಚಿಯನ್ನು ಅಲ್ಲೇ ಇಳಿಸಿದಳು. ಹೋಗಿ ಹೇಳಬೇಕಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮಗಳ ಮದುವೆ ಗೊತ್ತಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಕಟ್ಟಿಗೆ ನೀಲಿ ಪಟ್ಟಿ ಸುತ್ತಿ ಏಳನೇ ಕಪಾಟಿನ ತುತ್ತತುದಿಗೆ ಏರಿಸಿದಳು. ಆ ನಾಳೆ ಬರುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು. ಅಷ್ಟು ವರ್ಷ ಬೇರೆ ಯಾವ ಹಾಳೆಗೂ ಅವಳು ಪೆನ್ಸಿಲು ತಾಗಿಸಲಿಲ್ಲ. ಬಾಯಿ ಬಿಟ್ಟ ಗೆರೆಗಳನ್ನು ಕಂಡಾಗ ಕೈ ಜುಮ್ಮೆನ್ನುತ್ತಿತ್ತು, ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು.

ಏಳನೇ ವರ್ಷ ಬಂದವಳು ಸಂಶೋಧನೆಯ ಹುಡುಗಿ. ಶಾಲೆಯೊಂದರಲ್ಲಿ ಟೀಚರಾಗಿದ್ದವಳು ಕೆಲಸ ಬಿಟ್ಟು, ಮಕ್ಕಳನ್ನು ತರಗತಿಯಿಂದ ಹೊರಗೆ ನಡೆಸಿಕೊಂಡು ಹೋಗಿ ಭೂಗೋಳ ಕಲಿಸಿದರೆ ಹೆಚ್ಚು ತಲೆಗೆ ಹತ್ತುತ್ತದೆಯೇ ಎಂದು ನೋಡಲು ಬಂದಿದ್ದಳು. ತಮಾಷೆ ಏನೆಂದರೆ ಅವಳಿಗೇ ದಿಕ್ಕು ಗೊತ್ತಾಗುತ್ತಿರಲಿಲ್ಲ. ಕೈ ತೊಳೆದುಕೊಂಡು ಬರುತ್ತೇನೆಂದು ಹೋದವಳು ಮೂರನೇ ಮಹಡಿಯ ಗಣಿತ ವಿಭಾಗದಲ್ಲಿ ಸಿಗುತ್ತಿದ್ದಳು. "ಅಕ್ಕಾ, ಎಡಕ್ಕಾ ಬಲಕ್ಕಾ?" ಎಂಬುದು ದಿನಕ್ಕೆ ಹತ್ತು ಸಲದ ಮಾತು. "ಉಣ್ಣೋ ಕೈ ಕಡೆ ತಿರುಗು ತಾಯಿ" ಎನ್ನುತ್ತಿದ್ದಳು ರೇಖೆಯಕ್ಕ. ಮಧ್ಯಾಹ್ನ ಇಬ್ಬರೂ ಕಪಾಟುಗಳ ನಡುವೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಜೊತೆಗೂ ರೇಖೆಯಕ್ಕ ಅಷ್ಟು ನಕ್ಕಿರಲಿಲ್ಲ.

ಎರಡು ವರ್ಷ ಹುಡುಗಿ ಶಾಲೆ ಶಾಲೆ ಅಲೆದಳು. ಹೊರಗೆ ನಡೆಸಿದರೂ ಅಷ್ಟೇ, ಒಳಗೆ ಕೂರಿಸಿದರೂ ಅಷ್ಟೇ, ಹಾಳೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ಡಬ್ಬಿ ಮುಚ್ಚುತ್ತಾ, "ನಾಳೆ ಪತ್ರ ಕೊಟ್ಟು ಹೋಗಿಬಿಡ್ತೀನಿ ಅಕ್ಕ. ನನ್ನ ಕೈಲಿ ಆಗ್ತಿಲ್ಲ," ಎಂದಳು. ಆಮೇಲೆ ಏನನ್ನಿಸಿತೋ, "ಇದೊಂದು ಏಳನೇ ಕಪಾಟು ನೋಡೋದು ಉಳ್ಕೊಂಡಿದೆ," ಎಂದು ಸ್ಟೂಲು ಎಳೆದಳು.

"ಅದರಲ್ಲಿ ಏನೂ ಇಲ್ಲಮ್ಮ, ಬರೀ ಧೂಳು. ಮೂಗಿಗೆ ಹತ್ತುತ್ತೆ."

"ಧೂಳಿಗೇನು, ಸೀನಿದ್ರಾಯ್ತು," ಎಂದು ಹತ್ತಿಯೇಬಿಟ್ಟಳು.

ನಾಲ್ಕನೇ ದಿನ ಓಡಿಬಂದಳು. ಓಡುವ ಭರದಲ್ಲಿ ಬಾಗಿಲು ದಾಟಿ ಮುಂದೆ ಹೋಗಿ, ಮತ್ತೆ ತಿರುಗಿ ಬಂದಳು. ಒಂದು ಕೈಯಲ್ಲಿ ನೀಲಿ ಪಟ್ಟಿಯ ಕಟ್ಟು, ಇನ್ನೊಂದರಲ್ಲಿ ಅದೇ ಶಾಲೆಯ ಪಾಠಕ್ಕೆ ಮುಂಚಿನ ಕಟ್ಟು.

"ಅಕ್ಕಾ! ಪಾಠಕ್ಕೆ ಮುಂಚೆ ನೋಡಿ, ಎಲ್ಲಾ ಕಲಸುಮೇಲೋಗರ. ಪಾಠ ಆದ್ಮೇಲೆ ನೋಡಿ! ಒಂದು ಗೆರೆನೂ ಆ ಕಡೆ ಈ ಕಡೆ ಇಲ್ಲ. ಆ ಶಾಲೆ ಮೇಷ್ಟ್ರು ಮಕ್ಕಳನ್ನ ದಿನಾ ಹೊರಗೆ ನಡೆಸ್ತಿದ್ರಂತೆ, ಕಟ್ಟಿನ ಜೊತೆ ಚೀಟಿ ಇದೆ. ಮತ್ತೆ ಇಲ್ಲಿ ನೋಡಿ, ಈ ಬಾಣ. ಎಪ್ಪತ್ತೆರಡು ಮಕ್ಕಳೂ ಅರ್ಧ ಬಾಣ ಬರ್ದಿದ್ದಾರೆ! ಯಾರೋ ತುಂಬಾ ಚೆನ್ನಾಗಿ ಕಲಿಸಿದ್ರೆ ಮಾತ್ರ ಹೀಗಾಗೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರೇಖೆಯಕ್ಕನ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು. "ಅಮ್ಮಾ, ಅದು..." ಎಂದಳು. ಹುಡುಗಿ ಅಳುತ್ತಿದ್ದಳು. ಎರಡು ವರ್ಷದ ಸೋಲು ಒಂದೇ ಸಲ ಕರಗಿ ಕಣ್ಣಲ್ಲಿ ಇಳಿಯುತ್ತಿತ್ತು. ಆ ಮುಖಕ್ಕೆ ಯಾವ ಬಾಯಿಂದ ಹೇಳುವುದು? ರೇಖೆಯಕ್ಕ ಅವಳ ತಲೆ ಸವರಿದಳು. ಅವತ್ತು ಸವರಿದ ಕೈಯಿಂದಲೇ ಹುಡುಗಿಯ ಕಾಲಿಗೆ ಕಲ್ಲು ಕಟ್ಟಿದೆನಲ್ಲ ಎಂದು ಆಮೇಲೆ ಎಷ್ಟೋ ಸಲ ರೇಖೆಯಕ್ಕನಿಗೆ ಅನ್ನಿಸಿದೆ.

ಮತ್ತೆರಡು ವರ್ಷ ಉರುಳಿತು. ಹುಡುಗಿ ಆ ಮೇಷ್ಟ್ರನ್ನು ಹುಡುಕಿದಳು. ನಿವೃತ್ತರಾಗಿದ್ದ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ. ಪ್ರಬಂಧ ಮುಗಿಯಿತು, ದಪ್ಪ ರಟ್ಟು ಹಾಕಿಸಿಕೊಂಡು ಬಂತು. ರಟ್ಟಿನ ಮೇಲೆ ಒಂದು ಅರ್ಧ ಬಾಣ. ವೈವಾಕ್ಕೆ, ಅಂದರೆ ಪರೀಕ್ಷಕರೆದುರಿನ ಮೌಖಿಕ ಪರೀಕ್ಷೆಗೆ, ಒಂಬತ್ತು ದಿನ ಉಳಿದಿತ್ತು. ಅವತ್ತು ಊಟದ ಹೊತ್ತಿಗೆ ಹುಡುಗಿ, "ಅಕ್ಕ, ಇದು ಪಾಸಾದ್ರೆ ಮೇಷ್ಟ್ರ ವಿಧಾನವನ್ನ ಎಲ್ಲಾ ಶಾಲೆಗೂ ಕೈಪಿಡಿ ಮಾಡಿ ಕಳಿಸ್ತಾರಂತೆ," ಎಂದಳು. ಅಲ್ಲಿಯವರೆಗೆ ಅದು ಒಬ್ಬಳ ಪ್ರಬಂಧವಾಗಿತ್ತು. ಎಲ್ಲಾ ಶಾಲೆ ಎಂಬ ಮಾತು ಕೇಳಿ ರೇಖೆಯಕ್ಕ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಳ ಮುಚ್ಚಿದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ದರ್ಜಿ. ಹೊಲಿಗೆ ಯಂತ್ರದ ಸದ್ದಿನಲ್ಲಿ ಕಿವಿ ಅರ್ಧ ಹೋಗಿದೆ, ಎಲ್ಲವನ್ನೂ ಎರಡು ಸಲ ಹೇಳಬೇಕು. ಬದುಕಿನ ಅತಿ ದೊಡ್ಡ ತಪ್ಪನ್ನು ಜೋರಾಗಿ ಎರಡು ಸಲ ಹೇಳುವುದಿದೆಯಲ್ಲ, ಆ ಕಷ್ಟ ವೈರಿಗೂ ಬೇಡ.

ಅವನು ಪೆಡಲು ನಿಲ್ಲಿಸಿದ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ಕಣೇ. ಕತ್ತರಿ ತಪ್ಪಿದ್ರೆ ಬಟ್ಟೆ ಹೋದಂಗೆ. ನಿಂದು ಯಾವುದು?"

"ನಂಗೊತ್ತಿಲ್ಲ ರೀ."

"ಹೋಗಿ ಹೇಳು. ಬಿಚ್ಚೋಕಾಗುತ್ತೋ ಇಲ್ವೋ ಅವರು ನೋಡ್ಕೋತಾರೆ."

ಮರುದಿನ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಉಸಿರು ಬಿಡದೆ ಎಲ್ಲ ಹೇಳಿದಳು. ಮುಖ್ಯಸ್ಥೆ ಕೆಟ್ಟ ಹೆಂಗಸಲ್ಲ. ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಸರಿ ಮಾಡಿಡಿ ಅಂದಿದ್ನಾ ನಾನು?"

"ಹೂಂ ಮೇಡಂ. ಜೋಡಿಸಿಡೋಕೆ ಹೇಳಿದ್ರಿ ಅಂತ ನನಗೆ ಆಮೇಲೆ ಗೊತ್ತಾಯ್ತು."

ಅವರು ಎದ್ದು ಹೋಗಿ ಆ ಕಟ್ಟಿನಿಂದ ಆರು ಹಾಳೆ ತಂದು ಮೇಜಿನ ಮೇಲೆ ಹರಡಿದರು. "ತೋರಿಸಿ. ಯಾವ ಗೆರೆ ನಿಮ್ದು, ಯಾವುದು ಮಗುವಿಂದು?"

ರೇಖೆಯಕ್ಕ ಭೂತಗನ್ನಡಿ ಹಿಡಿದು ಬಾಗಿದಳು. ಈ ಕಾಲುವೆ ನನ್ನದು ಎಂದುಕೊಂಡಳು. ನೋಡನೋಡುತ್ತಾ ಅದರ ಮಧ್ಯೆ ಒಂದು ಪುಟ್ಟ ನಡುಕ ಕಂಡಿತು. ಅದು ಮಗುವಿನ ಕೈಯ ನಡುಕವೋ, ತಾನೇ ನಡುಗಿಸಿದ್ದೋ? ಕೆಲವು ಮಕ್ಕಳು ನಿಜವಾಗಿಯೂ ಸರಿಯಾಗಿ ಬರೆದಿದ್ದರು, ಅಂಥ ಹಾಳೆಗಳಿಗೆ ಬಾಣ ಬಿಟ್ಟು ಇನ್ನೇನೂ ಹಾಕಿರಲಿಲ್ಲ. ಅವು ಯಾವ ಹಾಳೆಗಳು? ಎಷ್ಟು? ಹತ್ತೋ, ನಲವತ್ತೋ? ಹನ್ನೊಂದು ವರ್ಷದಲ್ಲಿ ಅವಳ ಗೆರೆಯೂ ಮಕ್ಕಳ ಗೆರೆಯೂ ಒಂದೇ ಬಣ್ಣಕ್ಕೆ ಮಾಸಿದ್ದವು. ಕೈ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಅವಳಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

"ಗೊತ್ತಾಗ್ತಿಲ್ಲ ಮೇಡಂ."

"ನಿಮಗೇ ಗೊತ್ತಾಗದೆ ಇದ್ರೆ ನಾನು ಏನಂತ ಬರೀಲಿ? ಯಾರಿಗೆ ಬರೀಲಿ?" ಮುಖ್ಯಸ್ಥೆ ಹಾಳೆಗಳನ್ನು ಮೆಲ್ಲಗೆ ಕೂಡಿಸಿದರು. "ನೀವೇ ಆ ಹುಡುಗಿಗೆ ಹೇಳಿ. ಅವಳು ಬಂದು ವೈವಾ ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ. ನಾನಾಗಿ ಹೇಳಿದ್ರೆ ಅದು ಕಚೇರಿ ಮಾತಾಗುತ್ತೆ." ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ತಿರುಗಿ ಇಲಿಗೇ ಬಂತು.

ಮಧ್ಯಾಹ್ನ ಡಬ್ಬಿ ಬಿಚ್ಚುವ ಮುಂಚೆಯೇ ಹುಡುಗಿಗೆ ಹೇಳಿದಳು. ಹುಡುಗಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಇಲ್ಲ ಅಕ್ಕ, ಸುಮ್ನಿರಿ."

"ನಾನೇ ಕಣಮ್ಮ. ಈ ಬಾಣ ಸರ್ವೆ ಕಚೇರಿಯದ್ದು." ಒಂದು ಚೀಟಿ ತೆಗೆದು, ಪೆನ್ಸಿಲು ಹಿಡಿದು, ಅವಳೆದುರೇ ಬಾಣ ಬರೆದು ತೋರಿಸಿದಳು. ನೆಟ್ಟಗಿನ ಗೆರೆ, ಎಡಗಡೆ ಒಂದು ರೆಕ್ಕೆ. ರಟ್ಟಿನ ಮೇಲಿದ್ದ ಬಾಣಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ?

ಹುಡುಗಿ ಚೀಟಿಯನ್ನು ನೋಡಿದಳು. ಅವಳ ಮುಖ ಬಿಳುಚಿಕೊಂಡಿತು, ಮತ್ತೆ ನಿಧಾನವಾಗಿ ರಂಗೇರಿತು. "ಅಕ್ಕ, ಹನ್ನೊಂದು ವರ್ಷದಿಂದ ಈ ಹಾಳೆಗಳ ಮಧ್ಯೆನೇ ಇದ್ದೀರಿ. ನಾನೂ ಎರಡು ವರ್ಷದಿಂದ ಇದನ್ನೇ ಬರೀತಿದ್ದೀನಿ. ಕೈಗೆ ಬಂದುಬಿಡುತ್ತೆ. ಮಕ್ಕಳಿಂದ ನೀವು ಕಲ್ತಿದ್ದೀರಿ, ಅಷ್ಟೇ. ಸರ್ವೆ ಕಚೇರಿದು ಹಳೇ ನಕ್ಷೆ ಏನಾದ್ರೂ ಇದ್ಯಾ?"

ಎಲ್ಲಿಯದು? ರದ್ದಿಗೆ ಹಾಕುವ ದಿನ ಅವನ್ನು ಹಗ್ಗ ಹಾಕಿ ಕಟ್ಟಿದವಳೇ ರೇಖೆಯಕ್ಕ. ಕಲಿಸಿದ ಹಿರಿಯರು ತೀರಿಕೊಂಡು ಆರು ವರ್ಷ.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಮೇಷ್ಟ್ರಿಗೆ ಫೋನು ಹಚ್ಚಿ, ರೇಖೆಯಕ್ಕನಿಗೂ ಕೇಳುವ ಹಾಗೆ ಜೋರು ಮಾಡಿ ಇಟ್ಟಳು. "ಸಾರ್, ಅರ್ಧ ಬಾಣ ಮಕ್ಕಳಿಗೆ ನೀವೇ ಹೇಳಿಕೊಟ್ಟಿದ್ದಾ?"

"ನಾನಲ್ದೆ ಇನ್ಯಾರಮ್ಮ?" ಮೇಷ್ಟ್ರ ದನಿ ತೆಳ್ಳಗಿತ್ತು, ಖುಷಿಯಾಗಿತ್ತು. "ಬಿಸಿಲಲ್ಲಿ ಕೋಲು ನೆಟ್ಟು, ನೆರಳು ತೋರಿಸಿ, ಅರ್ಧ ಸಾಕು ಕಣ್ರೋ ಅಂತಿದ್ದೆ. ವೈವಾ ದಿನ ನನ್ನನ್ನೂ ಕರೀತೀರಲ್ಲ? ಮೊಮ್ಮಗನಿಗೆ ಅಂಗಿ ಇಸ್ತ್ರಿ ಮಾಡಿಡೋಕೆ ಹೇಳಿದ್ದೀನಿ."

ಮೇಷ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಗೆ "ಇರಬಹುದು" ಎಂದಿದ್ದರು. ಹುಡುಗಿ ಹೋದಾಗಲೆಲ್ಲ ಕೇಳಿ ಕೇಳಿ ಅದು "ಇತ್ತು ಅನ್ಸುತ್ತೆ" ಆಯಿತು, ಈಗ ಕೋಲು, ನೆರಳು, ಬಿಸಿಲು ಎಲ್ಲವೂ ಸೇರಿ ಗಟ್ಟಿ ನೆನಪಾಗಿತ್ತು. ಮಕ್ಕಳನ್ನು ಅವರು ಹೊರಗೆ ನಡೆಸಿದ್ದಂತೂ ಸತ್ಯ. ಆ ನಡಿಗೆಯಿಂದ ಎಷ್ಟು ಮಕ್ಕಳಿಗೆ ದಿಕ್ಕು ತಿಳಿಯಿತು ಎಂಬುದನ್ನು ರೇಖೆಯಕ್ಕನ ರಬ್ಬರು ನುಂಗಿಹಾಕಿತ್ತು. ಇನ್ನು ಅದು ಯಾರಿಗೂ ತಿಳಿಯುವಂತಿಲ್ಲ.

ಹುಡುಗಿ ಫೋನು ಇಟ್ಟು ರೇಖೆಯಕ್ಕನ ಭುಜ ಹಿಡಿದಳು. "ರಿಟೈರಾಗೋ ಟೈಮಲ್ಲಿ ಏನೇನೋ ಅನ್ಸುತ್ತಂತೆ ಅಕ್ಕ. ನಮ್ಮಮ್ಮನಿಗೂ ಹಾಗೇ ಆಗಿತ್ತು. ಇದನ್ನ ಇನ್ಯಾರ ಹತ್ರನೂ ಹೇಳಬೇಡಿ, ಆಯ್ತಾ?" ಭುಜದ ಮೇಲಿದ್ದ ಅವಳ ಬೆರಳು ತಣ್ಣಗಿತ್ತು.

ಆಗ ರೇಖೆಯಕ್ಕನಿಗೆ ಆದದ್ದು ಸಮಾಧಾನ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೇಳಿದ್ದಾಯಿತು, ಅವರು ನಂಬಲಿಲ್ಲ, ಇನ್ನು ನನ್ನ ತಪ್ಪೇನಿದೆ ಎಂದು ಮನಸ್ಸು ಹಗುರವಾಯಿತು. ಮನೆ ಮುಟ್ಟುವಷ್ಟರಲ್ಲಿ ಆ ಹಗುರವೇ ಹೆಣಭಾರವಾಗಿತ್ತು. ಮರುದಿನ ನೋಡಿದರೆ ಏಳನೇ ಕಪಾಟಿನ ಬೀಗದ ಕೈ ಅವಳ ಮೇಜಿನ ಪಕ್ಕದ ಮೊಳೆಯಲ್ಲಿ ಇರಲಿಲ್ಲ. "ನನ್ನ ಹತ್ರ ಇದೆ ಅಕ್ಕ. ಸುಮ್ನೆ, ಸೇಫಾಗಿರಲಿ ಅಂತ," ಎಂದಳು ಹುಡುಗಿ, ಮುಖ ನೋಡದೆ. ಆಮೇಲೆ ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ವೈವಾ ಇದೆಯಲ್ಲ, ಹೊತ್ತಿಲ್ಲ ಎಂದಳು. ವೈವಾ ಮುಗಿದ ಮೇಲೂ ಬರಲಿಲ್ಲ.

ವೈವಾ ಚೆನ್ನಾಗಿ ಆಯಿತು. ಮೇಷ್ಟ್ರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ರೇಖೆಯಕ್ಕ ಹಿಂದೆ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ತಟ್ಟದೆ ಇನ್ನೇನು ಮಾಡಿಯಾಳು? ಎದ್ದು ಕೂಗಿದ್ದರೆ ಮುದುಕಿಗೆ ಅರಳುಮರಳು ಎನ್ನುತ್ತಿದ್ದರು. ಹುಡುಗಿಗೆ ಅದೇ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಬೋರ್ಡಿಗೆ ಹೊಸ ಬಣ್ಣ ಹೊಡೆದು, ಆ ಉದ್ದನೆಯ ಹೆಸರಿನ ಪಕ್ಕ ಇಲ್ಲದ ಜಾಗದಲ್ಲಿ ಒಂದು ಅರ್ಧ ಬಾಣ ಬರೆಸಿದರು. ಕೈಪಿಡಿ ಅಚ್ಚಾಯಿತು. ಮುಂದಿನ ವರ್ಷ ರೇಖೆಯಕ್ಕ ನಿವೃತ್ತಳಾದಳು. ಅವತ್ತು ಹುಡುಗಿ ಒಂದು ಶಾಲು ಹೊದಿಸಿ ತಬ್ಬಿಕೊಂಡು, ಬಿಡುವಾಗ ಅವಳ ಬಲಗೈಯನ್ನು ಒಂದು ಕ್ಷಣ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಮೊನ್ನೆ ಒಂದು ಸಂಜೆ ಮಗಳ ಮಗಳು ಸ್ಕೂಲ್ ಬ್ಯಾಗು ಎಸೆದು, ಸಿಟ್ಟಿನಿಂದ ಒಂದು ಹಾಳೆಯನ್ನು ರೇಖೆಯಕ್ಕನ ಮಡಿಲಿಗೆ ಹಾಕಿದಳು. ಮನೆಯಿಂದ ಶಾಲೆಗೆ ದಾರಿ. ರಸ್ತೆ, ಬಸ್ ನಿಲ್ದಾಣ, ತಾತನ ಹೊಲಿಗೆ ಅಂಗಡಿ, ಎಲ್ಲವೂ ಇತ್ತು. ಮೂಲೆಯಲ್ಲಿ ಉತ್ತರದ ಬಾಣ, ಮಗು ತಾನೇ ಯೋಚಿಸಿ ಎರಡೂ ಕಡೆ ರೆಕ್ಕೆ ಹಾಕಿತ್ತು. ಟೀಚರು ಅದರ ಸುತ್ತ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಪಕ್ಕದಲ್ಲಿ ಬರೆದಿದ್ದರು, 'ಸರಿ ಮಾಡಿ ತರುವುದು.'

"ಬಾಣಕ್ಕೆ ಎರಡು ರೆಕ್ಕೆ ಇರುತ್ತೆ ತಾನೇ ಅಜ್ಜಿ? ಒಂದೇ ಹಾಕ್ಬೇಕಂತೆ, ಪುಸ್ತಕದಲ್ಲಿ ಹಂಗೇ ಇದ್ಯಂತೆ. ಯಾಕೆ ಅಂದ್ರೆ ಟೀಚರಿಗೂ ಗೊತ್ತಿಲ್ಲ. ಯಾರು ಹೇಳಿದ್ದು ಹಂಗೆ?"

ರೇಖೆಯಕ್ಕ ಹಾಳೆಯ ಸುಕ್ಕನ್ನು ಅಂಗೈಯಿಂದ ಸವರಿದಳು.

"ನಾನು ಅಳಿಸಿದ್ರೆ ಹಾಳೆ ಹರಿಯುತ್ತೆ. ನೀನೇ ಸರಿ ಮಾಡಿಕೊಡು."

ಮಗು ರಬ್ಬರು ಚಾಚಿ ನಿಂತಿತ್ತು. ನಾಳೆ ತರಗತಿಯಲ್ಲಿ ಬೈಗುಳ ತಿನ್ನುವುದು ಅದು, ತಾನಲ್ಲ. ರೇಖೆಯಕ್ಕ ರಬ್ಬರು ತೆಗೆದುಕೊಂಡು, ಹಾಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗಡೆಯ ರೆಕ್ಕೆಯನ್ನು ಮೆಲ್ಲಗೆ ಅಳಿಸಿದಳು. ಇಷ್ಟು ವರ್ಷವಾದರೂ ಕೈ ನಡುಗಲಿಲ್ಲ.

ಮೊಮ್ಮಗಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಬ್ಬಾ ಅಜ್ಜಿ! ಅಲ್ಲೊಂದು ಗೆರೆ ಇತ್ತು ಅಂತ ಯಾರಿಗೂ ಗೊತ್ತೇ ಆಗಲ್ಲ," ಎಂದು ಕುಣಿಯುತ್ತಾ ಒಳಗೆ ಓಡಿದಳು.